ತಲೆಗೆ ಬಿಟ್ಟ ಹುಳ

ಆಸ್ಟಿನ್‌ನಲ್ಲಿರುವ ಮಗಳ ಮನೆಯಲ್ಲಿ ವ್ಯಾಕ್ಯೂಮ್ ಕ್ಲೀನರಿನ ಡಬ್ಬಿ ಖಾಲಿ ಮಾಡುವುದು ನನ್ನ ಕೆಲಸ. ಯಾರೂ ಹಚ್ಚಿದ್ದಲ್ಲ, ನಾನೇ ಹಿಡಿದುಕೊಂಡದ್ದು. ಮಗಳ ಮನೆಯಲ್ಲಿ ಇರುವವಳಿಗೆ ಇದು ನನ್ನದು ಎನ್ನಲು ಒಂದಾದರೂ ಕೆಲಸ ಬೇಕಲ್ಲ. ಕಳೆದ ವಾರ, ಮೊದಲ ಚಳಿ ಬಿದ್ದು ಮತ್ತೆ ಬಿಸಿಲು ಬಂದ ದಿನ, ಡಬ್ಬಿಯನ್ನು ಹಿತ್ತಿಲಿಗೆ ಒಯ್ದು ಮುಚ್ಚಳ ತೆಗೆದೆ. ಮುಗ್ಗಿದ ಶೇಂಗಾ ಹಲ್ಲಿಗೆ ಸಿಕ್ಕಾಗ ಬರುವಂಥ ಕಹಿ ವಾಸನೆ ಮೂಗಿಗೆ ಬಡಿಯಿತು. ಧೂಳು, ಕೂದಲುಗಳ ನಡುವೆ ಕಿತ್ತಳೆ ಬಣ್ಣದ ಪುಟ್ಟ ಹುಳುಗಳು ಕಾಲಾಡಿಸುತ್ತಿದ್ದವು. ಒಳಗಿನಿಂದ ಮಗಳು ಮೇಘಾ, "ಅಮ್ಮಾ, ಲೇಡಿಬಗ್ಸ್ ಆರ್ ಬ್ಯಾಕ್" ಎಂದಳು. ಆ ವಾಸನೆ ಬಂದರೆ ನಾನು ಆಸ್ಟಿನ್‌ನಲ್ಲಿ ಇರುವುದಿಲ್ಲ ಎಂದು ಅವಳಿಗೂ ಗೊತ್ತು. ಡಲ್ಲಾಸಿನ ಪಕ್ಕದ ರಿಚರ್ಡ್‌ಸನ್‌ನಲ್ಲಿ, ನಮ್ಮ ಹಳೆಯ ಇಟ್ಟಿಗೆ ಮನೆಯ ಮಹಡಿಯ ಕೋಣೆಯಲ್ಲಿ ಇರುತ್ತೇನೆ.

ನಮ್ಮವರು ಈಗಿಲ್ಲ. ಅವರು ಹೋದದ್ದು ನಾನು ಹೇಳಹೊರಟಿರುವ ಚಳಿಗಾಲದಲ್ಲಲ್ಲ, ಅದಾದ ಮೇಲೂ ಕೆಲವು ಕಾಲ ಇದ್ದರು. ಊಟ ಮಾಡುತ್ತಿದ್ದರು, ಮಲಗುತ್ತಿದ್ದರು, ಬಂದವರು "ಅಂಕಲ್ ಪರವಾಗಿಲ್ಲ, ಮುಖದಲ್ಲಿ ಕಳೆ ಇದೆ" ಎಂದು ಹೇಳಿ ಹೋಗುತ್ತಿದ್ದರು. ಆದರೆ ನನ್ನ ಮಟ್ಟಿಗೆ ಆ ಚಳಿಗಾಲವೇ ಕೊನೆ. ಉಳಿದದ್ದು ಬರೀ ದಿನ ತಳ್ಳಿದ್ದು.

ಅವರ ಹೆಸರು ಶ್ರೀಧರ, ಮೈಸೂರಿನವರು. ನಾನು ಧಾರವಾಡದವಳು. ಮದುವೆಯಾದ ಹೊಸದರಲ್ಲಿ ಅವರ ಮನೆಯವರು, ಇವಳು ಗಂಡನಿಗಷ್ಟೇ ಅಲ್ಲ ಹಾಲಿನವನಿಗೂ 'ರೀ' ಅನ್ನುತ್ತಾಳೆ ಎಂದು ನಗುತ್ತಿದ್ದರು. ರಿಚರ್ಡ್‌ಸನ್‌ನ ಟೆಲಿಫೋನ್ ಕಂಪನಿಯೊಂದರಲ್ಲಿ ನಮ್ಮವರದು ಟೆಸ್ಟಿಂಗ್ ಕೆಲಸ. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೆ ಸಂಬಳ ಕೊಡುವ ಕೆಲಸವೆಂದರೆ ಇವರಿಗೆ ಹೇಳಿ ಮಾಡಿಸಿದಂತಿತ್ತು. ಕಂಪನಿಗೆ ಸಂಬಳಕ್ಕೆ ಹುಡುಕುತ್ತಿದ್ದರು, ಮನೆಯಲ್ಲಿ ಪುಕ್ಕಟೆ. ಸಾರಿಗೆ ಉಪ್ಪು ಹೆಚ್ಚಾದರೆ ಹೆಚ್ಚಾಗಿದೆ ಎನ್ನುತ್ತಿರಲಿಲ್ಲ, "ಇವತ್ತಿನ ಸಾರು ಪಾಸ್ ಆಗಲ್ಲ" ಎನ್ನುತ್ತಿದ್ದರು. ನಾನೂ ಸುಮ್ಮನೆ ಕೇಳಿಕೊಳ್ಳುವವಳಲ್ಲ. ಹಾಗೆ ಜಗಳವಾಡಿಕೊಂಡೇ ನಮ್ಮ ಸಂಸಾರ ಚೆನ್ನಾಗಿ ನಡೆದಿತ್ತು.

ಅವರು ನಿವೃತ್ತರಾದ ಮೇಲಿನ ಬೇಸಿಗೆಯಲ್ಲಿ ಸಣ್ಣಪುಟ್ಟ ಬದಲಾವಣೆಗಳು ಶುರುವಾದವು. ಎಡಗೈ ಬೆರಳು ನಡುಗುವುದು. ನಡೆಯುವಾಗ ಕಾಲೆಳೆಯುವುದು. ನಿದ್ದೆಯಲ್ಲಿ ಕೈ ಬೀಸಿ ಕೂಗುವುದು. ಇದಕ್ಕೆಲ್ಲ ನಾನು ಒಂದೊಂದು ಕಾರಣ ಹುಡುಕಿ ಇಟ್ಟುಕೊಂಡಿದ್ದೆ. ಕೈ ನಡುಕಕ್ಕೆ ಕಾಫಿ, ಕಾಲಿಗೆ ಹಳೆಯ ಬೆನ್ನುನೋವು, ಕೂಗಿಗೆ ಮಲಗುವ ಮುಂಚೆ ನೋಡುವ ಟಿವಿ ಸುದ್ದಿ. ನನ್ನ ತಮ್ಮ ಗಿರೀಶ ಹ್ಯೂಸ್ಟನ್ನಿನ ಸೈಪ್ರೆಸ್‌ನಲ್ಲಿ ಡಾಕ್ಟರು. ಅವನಿಗೆ ಫೋನಿನಲ್ಲಿ ಹೇಳಿದಾಗ, ನರರೋಗದ ಡಾಕ್ಟರಿಗೆ ತೋರಿಸು ಎಂದಷ್ಟೇ ಹೇಳಿದ. ನಮ್ಮ ಫ್ಯಾಮಿಲಿ ಡಾಕ್ಟರೂ ಅದನ್ನೇ ಹೇಳಿದರು. ಡಾಕ್ಟರುಗಳು ಕಡಿಮೆ ಮಾತಾಡಿದಾಗ ಹೆದರಬೇಕು ಎಂದು ನನಗೆ ಆಗ ಗೊತ್ತಿರಲಿಲ್ಲ.

ಡಲ್ಲಾಸಿನಲ್ಲಿ ಚಳಿ ಹೇಳಿ ಕೇಳಿ ಬರುವುದಿಲ್ಲ. ಬೆಳಿಗ್ಗೆ ಫ್ಯಾನ್ ಹಾಕಿಕೊಂಡು ಕೂತಿದ್ದರೆ ಮಧ್ಯಾಹ್ನ ಉತ್ತರದ ಗಾಳಿ ಎದ್ದು, ಸಂಜೆಗೆ ಸ್ವೆಟರ್ ಎಲ್ಲಿಟ್ಟಿದ್ದೀನಿ ಎಂದು ಕಪಾಟು ಕೆದಕಬೇಕಾಗುತ್ತದೆ. ಆ ಅಕ್ಟೋಬರಿನಲ್ಲಿ ಅಂಥ ಒಂದು ಗಾಳಿ ಬಂದು ಹೋದ ಮರುದಿನ ನಮ್ಮವರು ಮಹಡಿಯಿಂದ ಕೂಗಿ ಕರೆದರು. ಅವರ ಕೋಣೆಗೆ ಪಶ್ಚಿಮದ ಕಡೆ ದೊಡ್ಡ ಕಿಟಕಿ. ಅದರ ಚೌಕಟ್ಟು ತೋರಿಸಿ, ಹುಳ ಬಂದಿವೆ ನೋಡು, ಗುಲಗಂಜಿ ಹುಳ ಎಂದರು. ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಏನೂ ಇರಲಿಲ್ಲ. ಹಾಗೆಂದು ಹೇಳಿದೆ. ಅವರು ಕಿಟಕಿಯನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ನಿನ್ನ ಕನ್ನಡಕದ ನಂಬರ್ ಬದಲಾಯಿಸು ಎಂದರು. ಮರುದಿನವೂ ಕರೆದರು. ಆಗಲೂ ಇರಲಿಲ್ಲ. ಮೂರನೆಯ ಸಲ ಕರೆಯಲಿಲ್ಲ, ತಾವೇ ಕಿಟಕಿ ಹತ್ತಿರ ಕೂತು ನೋಡುತ್ತಿದ್ದರು. ಅವರು ಕರೆಯದೇ ಇದ್ದದ್ದು ನೋಡಿ ನಾನೇ ನರರೋಗದ ಡಾಕ್ಟರ ಆಫೀಸಿಗೆ ಫೋನ್ ಮಾಡಿ ದಿನ ಗೊತ್ತುಮಾಡಿದೆ.

ನವೆಂಬರಿನ ಮೊದಲಲ್ಲಿ ನರರೋಗದ ಡಾಕ್ಟರ ಹತ್ತಿರ ಹೋದೆವು. ಮೇಘಾ ಆಸ್ಟಿನ್‌ನಿಂದ ಡ್ರೈವ್ ಮಾಡಿಕೊಂಡು ಬಂದಿದ್ದಳು. ಡಾಕ್ಟರು ನಮ್ಮವರನ್ನು ನಡೆಸಿದರು, ಗಡಿಯಾರ ಬರೆಸಿದರು, ಬೆರಳು ಕುಟ್ಟಿಸಿದರು. ಆಮೇಲೆ ಬಹಳ ಮೃದುವಾಗಿ, ಬೇರೆಯವರಿಗೆ ಕಾಣದ್ದು ನಿಮಗೆ ಏನಾದರೂ ಕಾಣುತ್ತದೆಯೇ ಎಂದು ಕೇಳಿದರು. ಇವರು ಯೋಚಿಸಿ, ಕಿಟಕಿ ಹತ್ತಿರ ಹುಳುಗಳು ಎಂದರು. ಡಾಕ್ಟರು ನನ್ನ ಮುಖ ನೋಡಿದರು. ನಾನು ನೋಡಿಲ್ಲ ಎಂದೆ. ಇನ್ನೇನು ಹೇಳಲಿ? ಇವರಿಗೆ ಸಿಟ್ಟು ಬಂತು. ಸಿಟ್ಟು ಬಂದರೆ ಇವರಿಗೆ ಇಂಗ್ಲಿಷ್ ಬರುವುದಿಲ್ಲ. ನನ್ನ ಕಡೆ ತಿರುಗಿ, "ಆ ಫ್ಯಾಮಿಲಿ ಡಾಕ್ಟರು ಸುಮ್ನೆ ತಲೆಗೆ ಹುಳ ಬಿಟ್ಟಿದ್ದಾರೆ ಕಣೇ" ಎಂದರು.

ಅವರೇನು ಹೇಳಿದರು ಎಂದು ಡಾಕ್ಟರು ಮೇಘಾಳನ್ನು ಕೇಳಿದರು. ನನ್ನ ಮಗಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದವಳು. ಅವಳು ಒಂದಕ್ಷರ ಬಿಡದೆ ಹೇಳಿದಳು. "ಹಿ ಸೇಸ್ ದ ಅದರ್ ಡಾಕ್ಟರ್ ಲೆಟ್ ಬಗ್ಸ್ ಇನ್‌ಟು ಹಿಸ್ ಹೆಡ್."

ಡಾಕ್ಟರ ಬೆರಳುಗಳು ಕೀಬೋರ್ಡಿನ ಮೇಲೆ ಟಕಟಕ ಓಡಿದವು. ನಾನು ಗಾಬರಿಯಾಗಿ ನಡುವೆ ಬಾಯಿ ಹಾಕಿದೆ. ಹಾಗಲ್ಲ, ಇದು ನಮ್ಮ ಭಾಷೆಯಲ್ಲಿ ಮಾತಾಡುವ ರೀತಿ, ಸುಮ್ಮನೆ ಚಿಂತೆ ಹಚ್ಚಿದರು ಎನ್ನುವುದಕ್ಕೆ ಹೀಗೆ ಹೇಳುತ್ತೇವೆ ಎಂದು ವಿವರಿಸಿದೆ. ವಿವರಿಸಿದಷ್ಟೂ ನಾನು ಗಂಡನ ಹುಚ್ಚು ಮುಚ್ಚಿಡುತ್ತಿರುವಂತೆ ನನಗೇ ಕೇಳಿಸಿತು. ಡಾಕ್ಟರು ತಲೆಯಾಡಿಸಿ ನಕ್ಕರು. ಮನೆಯವರು ಹೀಗೆಲ್ಲ ಹೇಳುವುದನ್ನು ಕೇಳಿ ಕೇಳಿ ರೂಢಿಯಾದವರ ನಗೆ ಅದು. ಆಮೇಲೆ ಅವರು ಒಂದು ರೋಗದ ಹೆಸರು ಹೇಳಿದರು. ಇದರಲ್ಲಿ ಕೈಕಾಲಿನ ಜೊತೆ ಬುದ್ಧಿಯೂ ಹೋಗುತ್ತದೆ, ಇಲ್ಲದ್ದು ಕಾಣುತ್ತದೆ, ನಿಧಾನ ಮಾಡಬಹುದು, ನಿಲ್ಲಿಸಲಾಗುವುದಿಲ್ಲ ಎಂದರು. ಇನ್ನೂ ಖಚಿತವಲ್ಲ, ನೋಡೋಣ ಎಂದೂ ಸೇರಿಸಿದರು.

ಆ 'ಖಚಿತವಲ್ಲ' ಎನ್ನುವುದನ್ನು ನಾನು ಸೆರಗಿನಲ್ಲಿ ಗಂಟು ಹಾಕಿಕೊಂಡು ಮನೆಗೆ ಬಂದೆ. ದಾರಿಯುದ್ದಕ್ಕೂ ಮೇಘಾಳನ್ನು ಬೈದೆ. ಕನ್ನಡ ಕಲಿಸಿದ್ದೇ ತಪ್ಪಾಯಿತು, ಅರ್ಧ ಬರುವುದಕ್ಕಿಂತ ಬರದೇ ಇದ್ದರೆ ಚೆನ್ನಾಗಿತ್ತು, ಅಪ್ಪನ ತಲೆಗೆ ಹುಳ ಬಿಟ್ಟು ಬಂದೆಯಲ್ಲ ಎಂದೆ. ಪಾಪ, ಹುಡುಗಿ ಸ್ಟಿಯರಿಂಗ್ ಹಿಡಿದುಕೊಂಡು ಅಳುತ್ತಿತ್ತು. ಹಿಂದಿನ ಸೀಟಿನಿಂದ ನಮ್ಮವರು, ಬಿಡೇ, ಅವಳ ಟ್ರಾನ್ಸ್‌ಲೇಷನ್ ಪಾಸ್ ಆಗಲ್ಲ ಅಷ್ಟೇ ಎಂದರು. ಮೂವರೂ ನಕ್ಕೆವು. ನಗುವಾಗ ನನಗೆ ನಂಬಿಕೆಯೇ ಬಂದುಬಿಟ್ಟಿತು. ಹೀಗೆ ತಮಾಷೆ ಮಾಡುವ ಮನುಷ್ಯನ ಬುದ್ಧಿಗೆ ಏನಾಗಲು ಸಾಧ್ಯ?

ಅದಾದ ವಾರದಲ್ಲೇ ಹುಳುಗಳು ಬಂದವು. ನಿಜವಾದವು.

ಎರಡು ದಿನ ಕೊರೆಯುವ ಚಳಿ ಇದ್ದು ಮೂರನೆಯ ದಿನ ಬಿಸಿಲು ಹರಡಿತ್ತು. ಒಗೆದ ಬಟ್ಟೆ ಮಡಚಿಕೊಂಡು ಮೇಲೆ ಹೋದರೆ ನಮ್ಮವರ ಕೋಣೆಯ ಕಿಟಕಿಯ ಗಾಜಿನ ಮೇಲೆಲ್ಲ ಕಿತ್ತಳೆ ಚುಕ್ಕಿಗಳು. ಬೆನ್ನು ಕಿತ್ತಳೆ, ಮೇಲೆ ಕರಿಯ ಬೊಟ್ಟು, ಬಿಳಿಯ ಕುತ್ತಿಗೆಯ ಮೇಲೆ ಕಾಡಿಗೆಯಲ್ಲಿ ಗೀಚಿದಂಥ ಗುರುತು. ಕೆಲವು ನಡೆಯುತ್ತಿದ್ದವು, ಕೆಲವು ಪರದೆಯ ಮಡಿಕೆಯಲ್ಲಿ ಒಂದರ ಮೇಲೊಂದು ಗುಂಪಾಗಿ ಕೂತಿದ್ದವು. ಹೊರಗೆ ಓಡಿ ಹೋಗಿ ನೋಡಿದೆ. ಪಶ್ಚಿಮದ ಗೋಡೆಯ ಇಟ್ಟಿಗೆಗಳ ಸಂದಿಯಲ್ಲೆಲ್ಲ ಅವೇ. ಮನೆಯೊಳಗೆ ಹುಳ ಹೊಕ್ಕದ್ದಕ್ಕೆ ನನ್ನಷ್ಟು ಸಂತೋಷಪಟ್ಟ ಹೆಂಗಸು ಇಡೀ ಟೆಕ್ಸಾಸಿನಲ್ಲಿ ಇದ್ದಿರಲಾರಳು. ಫೋಟೋ ತೆಗೆದು ಗಿರೀಶನಿಗೆ ಕಳಿಸಿದೆ, ಮೇಘಾಳಿಗೆ ಕಳಿಸಿದೆ, ಡಾಕ್ಟರ ಆಫೀಸಿಗೆ ಫೋನ್ ಮಾಡಿ ಹುಳ ಇವೆ, ನಾನೇ ಕಣ್ಣಾರೆ ನೋಡಿದ್ದೀನಿ ಎಂದೆ. ಅಲ್ಲಿನ ಹುಡುಗಿ, ಅದಕ್ಕೆ ಪೆಸ್ಟ್ ಕಂಟ್ರೋಲ್‌ನವರಿಗೆ ಫೋನ್ ಮಾಡಿ ಮ್ಯಾಮ್ ಎಂದಳು.

ನಮ್ಮವರು ಮಾತ್ರ ಗೆದ್ದ ಠೀವಿಯಲ್ಲಿ ಕೂತಿದ್ದರು. ಈಗಲಾದರೂ ಕಂಡವಾ ಎಂದು ಕೇಳಿದರು. ಅವುಗಳ ಬಗ್ಗೆ ಓದಿ ತಿಳಿದುಕೊಂಡು ನನಗೆ ಪಾಠ ಮಾಡಿದರು. ಇವು ಕಚ್ಚುವುದಿಲ್ಲ ಎಂದೇ ಹೇಳಬೇಕು, ಬಟ್ಟೆ ತಿನ್ನುವುದಿಲ್ಲ, ಕಾಳಿಗೆ ಬೀಳುವುದಿಲ್ಲ, ಮನೆಯೊಳಗೆ ಮೊಟ್ಟೆ ಇಡುವುದಿಲ್ಲ. ಚಳಿ ಕಳೆಯುವ ತನಕ ಬೆಚ್ಚಗೆ ಒಂದು ಸಂದಿ ಬೇಕು, ಅಷ್ಟೇ. ಹೊಸಕಬಾರದು, ಹೊಸಕಿದರೆ ಹಳದಿ ಕಲೆ ಬೀಳುತ್ತದೆ, ನಾರುತ್ತದೆ. ಔಷಧಿ ಹೊಡೆದರೆ ಗೋಡೆಯೊಳಗೆ ಸತ್ತು ಬೇರೆ ಹುಳುಗಳನ್ನು ಕರೆಯುತ್ತವೆ. ವ್ಯಾಕ್ಯೂಮಿನ ಕೊಳವೆಯ ಬಾಯಿಗೆ ಹಳೆಯ ಕಾಲುಚೀಲ ತೂರಿಸಿ ರಬ್ಬರ್ ಬ್ಯಾಂಡ್ ಹಾಕಿ ಎಳೆದುಕೊಳ್ಳಬೇಕು, ಆಮೇಲೆ ಕಾಲುಚೀಲ ಬಿಚ್ಚಿ ದೂರದಲ್ಲಿ ಕೊಡವಬೇಕು. ಎಲ್ಲಕ್ಕಿಂತ ಮುಖ್ಯ, ಮೊದಲು ಸಂದಿ ಮುಚ್ಚಬೇಕು.

ನಾನು ಸಂದಿ ಮುಚ್ಚಲು ಬಿಡಲಿಲ್ಲ. ಥ್ಯಾಂಕ್ಸ್‌ಗಿವಿಂಗ್ ರಜೆಗೆ ಬಂದ ಮೇಘಾ ಅಂಗಡಿಯಿಂದ ಸಂದಿ ತುಂಬುವ ಅಂಟಿನ ಗನ್ನು ತಂದಳು. ನಾನು ಅದನ್ನು ಗರಾಜಿನಲ್ಲಿ ಎತ್ತಿಟ್ಟೆ. ಇರಲಿ ಬಿಡು, ಪಾಪ, ಚಳಿಗೆ ಬಂದಿವೆ ಎಂದೆ. ಜಿರಲೆ ಕಂಡರೆ ಚಪ್ಪಲಿ ಹುಡುಕುವ ಅಮ್ಮನಿಗೆ ಇದ್ದಕ್ಕಿದ್ದಂತೆ ಬಂದ ದಯೆ ನೋಡಿ ಅವಳು ಕಣ್ಣರಳಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಗೆ ಬಂದು ಮೆಲ್ಲಗೆ, "ಅಮ್ಮಾ, ಯು ನೀಡ್ ದೆಮ್ ಟು ಬಿ ಹಿಯರ್, ರೈಟ್?" ಎಂದಳು. ಹೌದು ಎಂದೆ. ಮುಚ್ಚಿಡುವುದೇನಿದೆ? ಹುಳ ಇರುವ ತನಕ ನನ್ನ ಗಂಡ ಸರಿಯಾಗಿದ್ದಾರೆ. ಹುಳ ಇಲ್ಲದ ಮನೆಯಲ್ಲಿ ಅವರು ಹುಳ ಕಂಡರೆ ಆಗ ನಾನು ಎಲ್ಲಿಗೆ ಹೋಗಲಿ?

ಆ ದಿನಗಳಲ್ಲೇ ನಮ್ಮವರು ತಮ್ಮ ಲ್ಯಾಬಿನ ಪದ್ಧತಿಯೊಂದನ್ನು ಮನೆಗೆ ತಂದರು. ಅಲ್ಲಿ ಒಬ್ಬರು ಮೀಟರಿನಲ್ಲಿ ಕಂಡದ್ದನ್ನು ಇನ್ನೊಬ್ಬರು ಬಂದು ನೋಡಿ ಹೌದು ಎನ್ನುವ ತನಕ ಬರೆದುಕೊಳ್ಳುತ್ತಿರಲಿಲ್ಲವಂತೆ. ಅದಕ್ಕೆ ಅವರು ಎರಡನೇ ಕಣ್ಣು ಎನ್ನುತ್ತಿದ್ದರು. ಒಂದು ದಿನ ತಿಂಡಿ ತಿನ್ನುತ್ತ, ಇನ್ನು ಮೇಲೆ ನನಗೆ ಅನುಮಾನ ಬಂದಾಗ ಕೇಳ್ತೀನಿ, ಅದು ಇದ್ದರೆ ಇದೆ ಅನ್ನು, ಇಲ್ಲದಿದ್ದರೆ ಇಲ್ಲ ಅನ್ನು, ನನಗೆ ಬೇಜಾರಾಗುತ್ತೆ ಅಂತ ಸುಳ್ಳು ಹೇಳಬೇಡ ಎಂದರು. ಪರಮ ಶಾಂತವಾಗಿ ಹೇಳಿದರು. ಆ ಮನುಷ್ಯನಿಗೆ ಅನುಮಾನ ಶುರುವಾಗಿದೆ ಎಂದು ನನಗೆ ಗೊತ್ತಾದದ್ದು ಆಗಲೇ. ನಾನು ಹೊರಗಿನವರಿಗೆಲ್ಲ ಹುಳುಗಳ ಫೋಟೋ ತೋರಿಸುತ್ತ ತಿರುಗುತ್ತಿದ್ದಾಗ ಅವರು ಒಳಗೊಳಗೇ ತಮ್ಮನ್ನು ಟೆಸ್ಟ್ ಮಾಡಿಕೊಳ್ಳುತ್ತಿದ್ದರು.

ಮೊದಮೊದಲು ನನ್ನ ಕೆಲಸ ಸುಲಭವಿತ್ತು. ಅವರು ಬೆರಳು ತೋರಿಸಿ "ಇದ್ಯಾ?" ಎನ್ನುತ್ತಿದ್ದರು. ನಾನು ನೋಡಿ "ಅದ ರೀ" ಎನ್ನುತ್ತಿದ್ದೆ. ನಿಜವಾಗಿಯೂ ಇರುತ್ತಿತ್ತು. ಅವರ ಮುಖ ಬೆಳಗುತ್ತಿತ್ತು, ನನ್ನದೂ. ಇಷ್ಟು ವರ್ಷದ ಸಂಸಾರದಲ್ಲಿ ಅವರು ಹೇಳಿದ್ದಕ್ಕೆ ನಾನು ಇಷ್ಟೊಂದು ಸಲ ಹೌದು ಎಂದದ್ದಿಲ್ಲ.

ಡಿಸೆಂಬರಿನಲ್ಲಿ ಬೆರಳು ಬೇರೆ ಕಡೆ ತಿರುಗಿತು. ಕಿಟಕಿ ಬಿಟ್ಟು ಹಾಸಿಗೆಯ ಮೇಲೆ, ಟವೆಲ್ಲಿನ ಮೇಲೆ, ನನ್ನ ಭುಜದ ಮೇಲೆ. ನಾನು ನೋಡಿ "ಇಲ್ರೀ" ಎನ್ನುತ್ತಿದ್ದೆ. ಒಂದು ಮಧ್ಯಾಹ್ನ ಹುಳಿಯನ್ನದ ತಟ್ಟೆ ಮುಂದಿಟ್ಟುಕೊಂಡು ಚಮಚದ ತುದಿಯಿಂದ ಏನನ್ನೋ ಬದಿಗೆ ಸರಿಸುತ್ತಿದ್ದರು. ಒಗ್ಗರಣೆಯ ಸಾಸಿವೆ. "ಇದ್ಯಾ?" ಎಂದರು. ಸಾಸಿವೆ ಅದ ರೀ, ಹುಳ ಇಲ್ಲ ಎಂದೆ. ಸರಿ ಎಂದು ತಿನ್ನಲು ನೋಡಿದರು. ನಾನು ಇಲ್ಲ ಎಂದದ್ದನ್ನು ಅವರು ನಂಬಿದ್ದರು, ಅದು ನನಗೆ ಗೊತ್ತು. ಆದರೆ ಕೈಯಲ್ಲಿ ಹಿಡಿದ ತುತ್ತಿನೊಳಗೆ ಕಾಲಾಡಿಸುವುದು ಕಾಣುತ್ತಿರುವಾಗ ಬರೀ ನಂಬಿಕೆಯಿಂದ ಹೇಗೆ ನುಂಗುವುದು? ಕಣ್ಣು ಮುಚ್ಚಿಕೊಂಡು ನುಂಗಿದರು. ಮರುದಿನದಿಂದ ನಮ್ಮ ಮನೆಯಲ್ಲಿ ಸಾಸಿವೆ ನಿಂತಿತು. ಆಮೇಲೆ ಜೀರಿಗೆ, ಎಳ್ಳು. ಸಾಸಿವೆ ಚಟಪಟ ಎನ್ನದ ಒಗ್ಗರಣೆ ಹಾಕುತ್ತ ಒಲೆಯ ಮುಂದೆ ನಿಂತಾಗ ಮನೆಯಲ್ಲಿ ಸೂತಕವಿದ್ದಂತೆ ಅನ್ನಿಸುತ್ತಿತ್ತು.

ಕ್ರಿಸ್‌ಮಸ್ ರಜೆಯಲ್ಲಿ ಗಿರೀಶ ಸೈಪ್ರೆಸ್‌ನಿಂದ ಬಂದ. ಒಂದು ಇಡೀ ಮಧ್ಯಾಹ್ನ ಭಾವನ ಕೋಣೆಯಲ್ಲಿ ಕೂತು ಕ್ರಿಕೆಟ್ಟು, ಮೈಸೂರು, ಮಸಾಲೆದೋಸೆ ಎಂದು ಹರಟಿದ. ಕೆಳಗೆ ಬಂದು ನನ್ನ ಮುಂದೆ ಕೂತ. ಚಿಕ್ಕಂದಿನಲ್ಲಿ ಪರೀಕ್ಷೆಯಲ್ಲಿ ಫೇಲಾದದ್ದನ್ನು ಹೇಳಲು ಬಂದಾಗ ಹೀಗೇ ಕೂರುತ್ತಿದ್ದ.

"ಅಕ್ಕಾ, ಹುಳಾ ಖರೇನ ಅವ. ಆದ್ರ ಭಾವಗ ಕಾಣೋವು ಎಲ್ಲಾ ಆ ಹುಳಾ ಅಲ್ಲ" ಎಂದ.

ನಾನು ಕಾದಾಡಿದೆ. ಅವು ಗೋಡೆಯೊಳಗಿಂದ ಬರುತ್ತವೆ, ಹೋಗುತ್ತವೆ, ನಾನು ಹೋಗುವಷ್ಟರಲ್ಲಿ ಸಂದಿ ಸೇರುತ್ತವೆ, ಅವರ ಕಣ್ಣು ನನಗಿಂತ ಚುರುಕು ಎಂದೆ. ನಮ್ಮ ಮಾತು ಮೇಲಿನವರೆಗೆ ಕೇಳಿಸಿತೋ ಏನೋ, ನಮ್ಮವರು ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಬಂದರು. ಗರಾಜಿನಲ್ಲಿ ಮೇಘಾ ತಂದ ಗನ್ನು ಇದೆ, ತೆಗೆದುಕೊಂಡು ಬಾ ಎಂದು ಗಿರೀಶನಿಗೆ ಹೇಳಿದರು. ನಾನು ಬೇಡ ಎಂದೆ. ಎರಡು ಕಾರಣ ಒಟ್ಟಿಗೆ ಇದ್ದರೆ ಯಾವುದು ಅಂತ ಹೇಗೆ ಗೊತ್ತಾಗುತ್ತೆ, ಒಂದನ್ನು ತೆಗೆದು ನೋಡಬೇಕು ಎಂದರು. ಬೇಡ ರೀ ಎಂದು ಕೈ ಹಿಡಿದುಕೊಂಡೆ. ಆ ನಡುಗುವ ಕೈ ನನ್ನ ಕೈಯನ್ನೂ ನಡುಗಿಸಿತು.

"ವಸೂ, ನನಗೆ ಗೊತ್ತಾಗಬೇಕು ಕಣೇ" ಎಂದರು.

ಅದರ ಮುಂದೆ ನನ್ನದೇನು ನಡೆಯುತ್ತದೆ? ಭಾವ-ಭಾವಮೈದುನ ಇಬ್ಬರೂ ಸೇರಿ ಎರಡು ದಿನ ಆ ಕೋಣೆಯನ್ನು ಮುಚ್ಚಿದರು. ಗಿರೀಶ ಏಣಿ ಹತ್ತಿ ಕಿಟಕಿಯ ಹೊರಗಿನ ಸಂದಿಗಳಿಗೆ ಅಂಟು ತುಂಬಿದ, ಒಳಗಿನ ಚೌಕಟ್ಟಿಗೆ ಬಿಳಿಯ ಗೆರೆ ಎಳೆದ, ಗಾಳಿ ಬರುವ ಜಾಲರಿಗೆ ಸಣ್ಣ ಕಣ್ಣಿನ ಇನ್ನೊಂದು ಜಾಲರಿ ಹಾಕಿದ, ಬಾಗಿಲಿನ ಕೆಳಗೆ ರಬ್ಬರ್ ಪಟ್ಟಿ ಬಡಿದ. ನಮ್ಮವರು ಕುರ್ಚಿಯಲ್ಲಿ ಕೂತು ಇಲ್ಲಿ ಬಿಟ್ಟಿದ್ದೀಯ, ಅಲ್ಲಿ ತೆಳ್ಳಗಾಗಿದೆ ಎಂದು ತಪ್ಪು ಹುಡುಕಿದರು. ಹಳೆಯ ಶ್ರೀಧರ ಆ ಎರಡು ದಿನ ಪೂರ್ತಿಯಾಗಿ ಮನೆಯಲ್ಲಿದ್ದರು. ನಾನು ಕಾಲುಚೀಲ ಕಟ್ಟಿದ ವ್ಯಾಕ್ಯೂಮಿನಿಂದ ಮೂಲೆಮೂಲೆಯೂ ಎಳೆದೆ. ಪರದೆ ತೆಗೆದು ಒಗೆದೆ. ಒಂದು ಕಡೆ ಬೆಚ್ಚಗಿರಲು ನಮ್ಮ ಮನೆಗೆ ಬಂದ ಜೀವಗಳನ್ನು ಹೊರಗೆ ಹಾಕುತ್ತಿದ್ದೇನೆ ಎನ್ನಿಸುತ್ತಿತ್ತು, ಇನ್ನೊಂದು ಕಡೆ ದೇವರೇ ಒಂದೇ ಒಂದಾದರೂ ಎಲ್ಲಾದರೂ ಉಳಿದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಮನೆ ಗುಡಿಸುತ್ತ ಕಸ ಉಳಿಯಲಿ ಎಂದು ಹರಕೆ ಹೊತ್ತವಳು ನಾನೊಬ್ಬಳೇ ಇರಬೇಕು.

ಕೆಲವು ದಿನ ಬಿಟ್ಟೆವು. ನಾನು ದಿನವೂ ಕೋಣೆ ನೋಡುತ್ತಿದ್ದೆ. ಒಂದೂ ಇರಲಿಲ್ಲ. ಹೊಸ ವರ್ಷದ ಮೊದಲ ವಾರ, ಬಿಸಿಲು ಚೆನ್ನಾಗಿದ್ದ ಒಂದು ಮಧ್ಯಾಹ್ನ ನಮ್ಮವರು ಆ ಕೋಣೆಯಲ್ಲಿ ತಮ್ಮ ಜಾಗದಲ್ಲಿ ಕೂತು ನನ್ನನ್ನು ಕರೆದರು. ಎದುರಿಗೆ ಬಿಳಿಯ ಗೋಡೆ. ಅವರು ಗೋಡೆಯ ಎಡತುದಿಯಿಂದ ಶುರುಮಾಡಿದರು. ಇಲ್ಲಿ ಇದ್ಯಾ ಎಂದರು. ಇಲ್ರೀ ಎಂದೆ. ಬೆರಳು ಸ್ವಲ್ಪ ಸರಿಸಿ, ಇಲ್ಲಿ ಎಂದರು. ಇಲ್ರೀ. ಇಲ್ಲಿ? ಇಲ್ರೀ. ಹಾಗೆ ಬಲತುದಿಯ ತನಕ, ಒಂದು ಇಟ್ಟಿಗೆಯಷ್ಟು ಜಾಗವನ್ನೂ ಬಿಡದೆ ಕೇಳಿದರು. ಸುಳ್ಳು ಹೇಳುವ ಆಸೆ ಎಷ್ಟಾಯಿತೆಂದರೆ ತುಟಿ ಕಚ್ಚಿಕೊಂಡೆ. ಸುಳ್ಳು ಹೇಳಿದ್ದರೆ ಅವರಿಗೆ ಗೊತ್ತಾಗುತ್ತಿತ್ತು, ಆಮೇಲೆ ನನ್ನ ಮಾತಿಗೂ ಬೆಲೆ ಉಳಿಯುತ್ತಿರಲಿಲ್ಲ. ಮುಗಿದ ಮೇಲೆ ಕೈ ಮಡಿಲಲ್ಲಿಟ್ಟುಕೊಂಡರು.

"ಹಾಗಾದ್ರೆ ಮಗು ಹೇಳಿದ್ದೇ ಸರಿ. ಹುಳ ತಲೆಯಲ್ಲೇ ಇದೆ" ಎಂದರು.

ನಾನು ಅವರ ತಲೆಯನ್ನು ಎದೆಗೊತ್ತಿಕೊಂಡು ನಿಂತೆ. ಅತ್ತುಬಿಟ್ಟೆ. ಅವರು ಅಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ನಿನ್ನ ಸೀರೆಯ ಮೇಲೂ ಇವೆ, ಆದರೆ ಇಲ್ಲ ಅಲ್ವಾ ಎಂದರು. ಅವರ ದನಿಯಲ್ಲಿ ಒಂದು ಥರ ನಿರಾಳವಿತ್ತು, ಬಹಳ ದಿನ ಸತಾಯಿಸಿದ ಯಂತ್ರದ ಕಾಯಿಲೆ ಗೊತ್ತಾದವರ ಹಾಗೆ. ಕಾಯಿಲೆ ಗೊತ್ತಾದರೆ ರಿಪೇರಿ ಆಗುತ್ತದೆ ಎನ್ನುವುದು ಯಂತ್ರದ ಮಾತು ಎಂದು ಇಬ್ಬರಿಗೂ ಗೊತ್ತಿತ್ತು. ಮೇಘಾ ಅವತ್ತು ಡಾಕ್ಟರ ಮುಂದೆ ಮಾಡಿದ ತಪ್ಪೇ ಕೊನೆಗೆ ನಿಜವಾಯಿತು. ಅವಳಿಗೆ ಫೋನ್ ಮಾಡಿ, ನಿನ್ನನ್ನು ಬೈದದ್ದಕ್ಕೆ ಬೇಜಾರು ಮಾಡ್ಕೋಬೇಡ ಪುಟ್ಟಾ ಎಂದೆ. ಅಷ್ಟರಲ್ಲೇ ಅವಳಿಗೆ ಎಲ್ಲ ಅರ್ಥವಾಯಿತು.

ಫೆಬ್ರವರಿಯಲ್ಲಿ ಮಂಜುಗಡ್ಡೆಯ ಮಳೆ ಬಂದು ರಸ್ತೆಯೆಲ್ಲ ಗಾಜಾಯಿತು. ಆ ವಾರ ಮನೆಯೊಳಗೇ ಇದ್ದೆವು. ನಮ್ಮವರ ಕಣ್ಣಿಗೆ ಹುಳುಗಳು ಹೋಗಿ ಜನ ಬರಲು ಶುರುವಾದದ್ದು ಆಗ. ಸೋಫಾದ ಮೇಲೆ ಒಂದು ಮಗು, ಹಿತ್ತಿಲಿನ ಬೇಲಿಯ ಹತ್ತಿರ ಟೋಪಿ ಹಾಕಿಕೊಂಡ ಇಬ್ಬರು ಗಂಡಸರು. ಅವರು ನಮಗೆ ಏನೂ ಮಾಡುತ್ತಿರಲಿಲ್ಲ, ಸುಮ್ಮನೆ ಇರುತ್ತಿದ್ದರು. ಚಳಿಗೆ ಬಂದು ಕೂತವರಂತೆ. ನಮ್ಮವರು ನನ್ನ ಹತ್ತಿರ ಬಂದು ದನಿ ತಗ್ಗಿಸಿ "ಇದ್ದಾರಾ?" ಎಂದು ಕೇಳುತ್ತಿದ್ದರು. ಇಲ್ರೀ ಎಂದರೆ, "ನೀನು ಇಲ್ಲ ಅಂದ್ರೆ ಇಲ್ಲ" ಎಂದು ಹೋಗಿ ಆ ಮಗುವಿನ ಪಕ್ಕದಲ್ಲೇ, ಅದಕ್ಕೆ ತಾಗದಂತೆ ಸ್ವಲ್ಪ ಸರಿದು ಕೂರುತ್ತಿದ್ದರು.

ಇನ್ನು ನನಗೆ ಉಳಿದ ಆಸೆ ಅದೊಂದೇ. ಕಾಣುವುದು ನಿಲ್ಲುವುದಿಲ್ಲ, ಕೈಕಾಲು ಮೊದಲಿನಂತಾಗುವುದಿಲ್ಲ, ಆಗಲಿ. ಆದರೆ ಅವರು ನನ್ನನ್ನು ಕೇಳುತ್ತಾರೆ. ತಮ್ಮ ಕಣ್ಣಿಗಿಂತ ನನ್ನ ಮಾತನ್ನು ನಂಬುತ್ತಾರೆ. ಹಾಗೆ ನಂಬುವ ತನಕ ಅವರು ನನ್ನ ಕೈಯಲ್ಲಿದ್ದಾರೆ. ಗಿರೀಶನಿಗೆ ಇದನ್ನು ಹೇಳಿದೆ. ಅವನು, ಕೇಳೂದನ್ನೂ ಬಿಡ್ತಾರ ಅಕ್ಕಾ, ಮನಸ್ಸು ಗಟ್ಟಿ ಮಾಡ್ಕೋ ಎಂದ. ನಾನು ಫೋನ್ ಇಟ್ಟುಬಿಟ್ಟೆ. ಕೇಳುವುದನ್ನು ಬಿಡುತ್ತಾರೆ ಎಂದು ಅವನು ಹೇಳಿದನಲ್ಲ, ಅದೂ ಪೂರ್ತಿ ಸರಿಯಿರಲಿಲ್ಲ.

ಮಾರ್ಚಿನಲ್ಲಿ ಬಿಸಿಲು ಬಲಿಯಿತು. ಗೋಡೆಯೊಳಗೆ ಸಿಕ್ಕಿಕೊಂಡಿದ್ದ ಗುಲಗಂಜಿ ಹುಳುಗಳು ಹೊರಗಿನ ದಾರಿ ಮುಚ್ಚಿದ್ದರಿಂದ ಯಾವುದೋ ಬಿರುಕು ಹುಡುಕಿಕೊಂಡು ಒಳಗೇ ಬಂದವು. ಕಿಟಕಿಯ ಗಾಜಿಗೆ ಬಡಿದು ಬಡಿದು ಅಡಿಯಲ್ಲಿ ಬೀಳುತ್ತಿದ್ದವು. ಅವು ನಿಜವಾದವು, ನಾನು ಮುಟ್ಟಿ ನೋಡಿದೆ. ನಮ್ಮವರನ್ನು ಕರೆದು ತೋರಿಸಿದೆ. ಅವರು ನೋಡಿದರು, ಇದ್ಯಾ ಎಂದು ಕೇಳಲಿಲ್ಲ. ನಾನೇ ಒಂದೊಂದನ್ನೂ ಕಾಗದದ ಮೇಲೆ ಹತ್ತಿಸಿಕೊಂಡು ಹೋಗಿ ಹಿತ್ತಿಲಿನಲ್ಲಿ ಬಿಟ್ಟೆ.

ಅವತ್ತೇ ಮಧ್ಯಾಹ್ನ ಕಾಫಿ ಮಾಡಿಕೊಂಡು ಮಹಡಿ ಹತ್ತಿದೆ. ಅವರು ಕಿಟಕಿಯ ಪಕ್ಕ ಕೂತಿದ್ದರು. ಎದುರಿಗೆ ದಿನವೂ ನಾನು ಕೂರುವ ಬೆತ್ತದ ಕುರ್ಚಿ ಖಾಲಿಯಿತ್ತು. ಬಾಗಿಲಲ್ಲಿ ನನ್ನನ್ನು ನೋಡಿ ಅವರ ಹುಬ್ಬು ಗಂಟಾಯಿತು. ಸ್ವಲ್ಪ ಹೊತ್ತು ನನ್ನನ್ನೇ ದಿಟ್ಟಿಸಿದರು. 'ಇದ್ಯಾ' ಎಂದು ಕೇಳುವ ಮುಂಚೆ ಬರುತ್ತಿದ್ದ ಅದೇ ಮುಖ. ಆಮೇಲೆ ಖಾಲಿ ಕುರ್ಚಿಯ ಕಡೆ ಬಾಗಿ, ಬಂದವರಿಗೆ ಕೇಳಿಸಬಾರದು ಎಂಬಂತೆ ದನಿ ತಗ್ಗಿಸಿದರು.

"ವಸೂ, ಬಾಗಿಲ ಹತ್ರ ಯಾರೋ ಹೆಂಗಸು ನಿಂತಿದ್ದಾರೆ. ಇದ್ದಾರಾ?"

"ರೀ, ನಾನರೀ. ಇಲ್ಲೇ ಅದೀನಲ್ರೀ" ಎಂದೆ.

ಅವರು ನನ್ನ ಕಡೆ ತಿರುಗಲಿಲ್ಲ. ಕುರ್ಚಿಯನ್ನೇ ನೋಡುತ್ತ ಉತ್ತರಕ್ಕೆ ಕಾದರು. ಉತ್ತರ ಬಂದಿರಬೇಕು. ಹುಬ್ಬು ಸಡಿಲವಾಯಿತು, ತಲೆಯಾಡಿಸಿದರು.

"ಸರಿ. ನೀನು ಇಲ್ಲ ಅಂದ್ರೆ ಇಲ್ಲ" ಎಂದು ಕುರ್ಚಿಗೆ ಹೇಳಿ, ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತರು.